ಖಾಲಿದಿಯಾದಲ್ಲಿ ಗಂಟೆ ಎಷ್ಟು ಎಂದು ಸರ್ವರ್‌ಗೆ ಹೇಳುವವರು ಯಾರು?

ಇಂಟರ್ನೆಟ್ ರೇಡಿಯೋದ ಪುಟದಲ್ಲಿ "ಕಾರ್ಯಕ್ರಮ ರಾತ್ರಿ 8ಕ್ಕೆ" ಎಂದಿದ್ದರೆ ನಿಮಗೆ ಮೊದಲು ಹೊಳೆಯುವ ಪ್ರಶ್ನೆ, ಯಾವ ಊರಿನ 8 ಗಂಟೆ? ಬೆಂಗಳೂರಿನಲ್ಲಿ 8 ಆದಾಗ ಖಾಲಿದಿಯಾದಲ್ಲಿ ಇನ್ನೂ 6:30. ಕಾರ್ನಿಶ್ ಕಡೆ ವಾಕಿಂಗ್ ಹೋದ ಅಪ್ಪ ಅಮ್ಮ ಮನೆಗೂ ಬಂದಿರುವುದಿಲ್ಲ. ನಿಮ್ಮ ಫೋನಿನಲ್ಲಿರುವ ಬ್ರೌಸರ್‌ಗೆ ಇದು ಗೊತ್ತು. ಪುಟ ಕಳಿಸುವ ಸರ್ವರ್‌ಗೆ ಗೊತ್ತಿಲ್ಲ. ಗೊತ್ತಿರುವವನು ಗೊತ್ತಿಲ್ಲದವನಿಗೆ ಹೇಳಬೇಕು, ಅವನು ಅದನ್ನು ನೆನಪಿಟ್ಟುಕೊಳ್ಳಬೇಕು. ಇಷ್ಟು ಸಣ್ಣ ಕೆಲಸಕ್ಕೆ ದೊಡ್ಡ ಚರಿತ್ರೆಯೇ ಇದೆ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಪ್ರಸ್ತಾವ ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ವಿಜ್ಞಾನಿಗಳ ಕಾಗದಪತ್ರ. ಕೇಳಿದರು, ಕೊಟ್ಟೆ, ಮರೆತೆ; ಸರ್ವರ್‌ನ ಸ್ವಭಾವವೇ ಅದು. ಓದುವುದಕ್ಕೆ ಅಷ್ಟು ಸಾಕು, ಅಂಗಡಿ ನಡೆಸುವುದಕ್ಕೆ ಸಾಲದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿ ಎಂಸಿಐಗಾಗಿ ಆನ್‌ಲೈನ್ ಅಂಗಡಿಯೊಂದನ್ನು ಕಟ್ಟುತ್ತಿತ್ತು. ಅರ್ಧಕ್ಕೆ ನಿಂತ ವ್ಯಾಪಾರದ ಲೆಕ್ಕವನ್ನೆಲ್ಲ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳಲು ಎಂಸಿಐ ಒಪ್ಪಲಿಲ್ಲ. ಆಗ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ ಆ ಲೆಕ್ಕವನ್ನು ಗಿರಾಕಿಯ ಬ್ರೌಸರ್‌ಗೇ ಕೊಟ್ಟುಬಿಟ್ಟರು. ಅದೇ ಕುಕೀ.

ಮುಂದೆ ಈ ಉಪಾಯ ತಿರುವುಮುರುವಾಯಿತು. ಲಾಂಡ್ರಿಯಲ್ಲಿ ಬಟ್ಟೆ ಅಂಗಡಿಯಲ್ಲಿರುತ್ತದೆ, ನಂಬರು ಬರೆದ ಚೀಟಿ ನಿಮ್ಮ ಜೇಬಿನಲ್ಲಿರುತ್ತದೆ, ಅಲ್ಲವೇ? ಹಾಗೆಯೇ ವಿವರವೆಲ್ಲ ಸರ್ವರ್‌ನಲ್ಲಿ, ಕುಕೀಯಲ್ಲಿ ಬರೀ ನಂಬರು. ಸೆಷನ್ ಎಂದರೆ ಇಷ್ಟೇ.

ಈ ಚೀಟಿಯನ್ನು ನಿಮ್ಮ ಅಪ್ಪ ಅಮ್ಮಂದಿರೂ ಬಳಸಿದ್ದಾರೆ, ಅವರಿಗೇ ಗೊತ್ತಿಲ್ಲದೆ. ಎಮಿರೇಟ್ಸ್‌ನಲ್ಲಿ ಎತಿಸಲಾತ್ ಜನರಿಗೆ ಇಂಟರ್ನೆಟ್ ಕೊಡಲು ತೊಡಗಿದ್ದು 1995ರಲ್ಲಿ. ಮರುವರ್ಷದ ಜುಲೈ 4ರಂದು ಹಾಟ್‌ಮೇಲ್ ಬಂತು. ಅದರ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದವರು. ಊರಿಂದ ಪತ್ರ ಬರಲು ದಿನಗಟ್ಟಲೆ ಕಾಯುತ್ತಿದ್ದ ಗಲ್ಫ್ ಮನೆಗಳಿಗೆ ಇಂಥ ಅಂಚೆ ಪೆಟ್ಟಿಗೆ ಎಷ್ಟು ದೊಡ್ಡದೆಂದು ಮನೆಯಲ್ಲೇ ಕೇಳಿ ನೋಡಿ. ಆದರೆ 1999ರ ಆಗಸ್ಟ್ ಕೊನೆಯಲ್ಲಿ ಒಂದು ಬಿರುಕು ಬಯಲಾಯಿತು: ಬಳಕೆದಾರರ ಹೆಸರು ಗೊತ್ತಿದ್ದರೆ ಸಾಕು, ಪಾಸ್‌ವರ್ಡ್ ಗೊತ್ತಿಲ್ಲದೆಯೂ ಯಾರ ಪೆಟ್ಟಿಗೆಯನ್ನಾದರೂ ತೆರೆಯಬಹುದಿತ್ತು. ಬ್ರೌಸರ್ ಕಡೆಯಿಂದ ಬಂದ ಮಾತನ್ನು ಸರ್ವರ್ ಪರೀಕ್ಷಿಸದೆ ನಂಬಿತ್ತು.

ಈಗ ನಿಮ್ಮಲ್ಲಿ ಕೋಡಿಂಗ್ ಕಲಿಯುವವರಿಗೆ. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಓಡುವುದು ನಿಮ್ಮ ಫೋನಿನಲ್ಲಿ. ಪಿಎಚ್‌ಪಿಯ ಸೆಷನ್ ಇರುವುದು ಸರ್ವರ್‌ನಲ್ಲಿ. ಎರಡನ್ನೂ ಒಂದೇ ಫೈಲಿನಲ್ಲಿ ಬರೆಯುತ್ತೇವೆ, ಅದರಿಂದಲೇ ಗೊಂದಲ. ಜಾವಾಸ್ಕ್ರಿಪ್ಟ್ ಕಣ್ಣು ಬಿಡುವ ಹೊತ್ತಿಗೆ ಪಿಎಚ್‌ಪಿ ಆ ಪುಟ ಮುಗಿಸಿ ಎದ್ದು ಹೋಗಿರುತ್ತದೆ! ಹೇಳಬೇಕಾದ್ದನ್ನು ಹೊಸ ಕೋರಿಕೆಯಲ್ಲೇ ಕಳಿಸಬೇಕು. ಮೊದಲು ಇದಕ್ಕೆ ಫಾರ್ಮ್‌ನ ಗುಪ್ತ ಖಾನೆ, ವಿಳಾಸದ ಬಾಲ, ಕುಕೀ ಇದ್ದವು. 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಪುಟ ಮತ್ತೆ ಲೋಡ್ ಆಗದಂತೆ ಹಿನ್ನೆಲೆಯಲ್ಲೇ ಕಳಿಸುವ ದಾರಿ ತೆರೆಯಿತು. ಇಂದಿನ ಫೆಚ್ ಅದರ ಮೊಮ್ಮಗ ಎನ್ನಬಹುದು.

ಕಳಿಸುವುದು ಸುಲಭ, ಬಂದದ್ದರಲ್ಲಿ ಯಾವುದನ್ನು ನಂಬಬೇಕು ಎಂಬುದು ಕಷ್ಟ. ಗುಪ್ತ ಖಾನೆಯಲ್ಲಿ ಬೆಲೆ ಬರೆದಿಟ್ಟ ಅಂಗಡಿ ತಂತ್ರಾಂಶಗಳಲ್ಲಿ ಗಿರಾಕಿಯೇ ಬೆಲೆ ತಿದ್ದಬಹುದು ಎಂಬ ಎಚ್ಚರಿಕೆ 2000ದ ಫೆಬ್ರವರಿಯಲ್ಲೇ ಬಂದಿತ್ತು. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಬಿಡುಗಡೆ ಮಾಡಿದ ಫೈರ್‌ಶೀಪ್, ಕೆಫೆಯ ತೆರೆದ ವೈಫೈಯಲ್ಲಿ ಪಕ್ಕದ ಮೇಜಿನವರ ಸೆಷನ್ ಚೀಟಿಯನ್ನೇ ಎಗರಿಸಿ ತೋರಿಸಿತು. ಇಂದು ಎಲ್ಲೆಡೆ ಎಚ್‌ಟಿಟಿಪಿಎಸ್ ಕಾಣುವುದಕ್ಕೆ ಆ ಆಘಾತವೂ ಒಂದು ಕಾರಣ.

ನಮ್ಮ ಗಂಟೆಯ ವಿಷಯದಲ್ಲಿ ಈ ಭಯವಿಲ್ಲ. ಸುಳ್ಳು ಸಮಯ ಕಳಿಸಿದರೆ ಕಾರ್ಯಕ್ರಮ ತಪ್ಪುವುದು ನಿಮಗೇ! ಬ್ರೌಸರ್‌ ಅನ್ನು ಕೇಳಿದರೆ ಖಾಲಿದಿಯಾದಿಂದ -240 ನಿಮಿಷ ಎಂಬ ಉತ್ತರ ಬರುತ್ತದೆ, ಬೆಂಗಳೂರಿನಿಂದ -330. ಇದನ್ನೇ ಸೆಷನ್‌ಗೆ ಹಾಕಿದರೆ ಇಲ್ಲಿಯವರಿಗೆ ನಡೆಯುತ್ತದೆ. ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ಲಂಡನ್ನಿನ ಸೋದರತ್ತೆಗೆ ನಡೆಯುವುದಿಲ್ಲ. ಅದಕ್ಕೇ ನಿಮಿಷದ ಬದಲು ವಲಯದ ಹೆಸರನ್ನು ಕಳಿಸಿ. ಆದರೆ ಆ ಪಟ್ಟಿಯಲ್ಲಿ ಅಬುಧಾಬಿ ಇಲ್ಲ. ಖಾಲಿದಿಯಾದ ನಿಮ್ಮ ಫೋನು "ಏಷ್ಯಾ/ದುಬೈ" ಎನ್ನುತ್ತದೆ. ಬೆಂಗಳೂರಿನ ಅಜ್ಜಿಯ ಫೋನು ಕೋಲ್ಕತ್ತಾ ಹೆಸರು ಹೇಳುತ್ತದೆ.