ಅನ್ನ ಮತ್ತು ಪಂಕ್ತಿ

ಬಸವಣ್ಣನವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ನೀಡುವ ಬಸವ ಪುರಸ್ಕಾರವನ್ನು ಪಡೆದವರಲ್ಲಿ ವಿಜಯವಾಡದ ಸರಸ್ವತಿ ಗೋರಾ ಒಬ್ಬರು. ಅವರು ಕನ್ನಡಿಗರಲ್ಲ, ದೇವರನ್ನು ನಂಬಿದವರೂ ಅಲ್ಲ. ಮಹಾಭಕ್ತನೊಬ್ಬನ ಹೆಸರಿನ ಗೌರವ ನಾಸ್ತಿಕ ಮಹಿಳೆಯೊಬ್ಬರಿಗೆ ಸಂದದ್ದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ದಾಸೋಹವೆಂಬ ಮಾತನ್ನು ಬಲ್ಲ ನಾವು ಕೃಷ್ಣಾ ತೀರದ ಊಟದ ಸಾಲುಗಳ ಚರಿತ್ರೆಯನ್ನು ಒಮ್ಮೆ ಓದಿಕೊಂಡರೆ ಆ ವಿಚಿತ್ರ ಕರಗಿಹೋಗುತ್ತದೆ.

ಆಂಧ್ರದ ಕರಾವಳಿಯೆಂದರೆ ನಮಗೆ ಕಣ್ಣೆದುರು ನಿಲ್ಲುವುದು ಭತ್ತದ ಗದ್ದೆ. ಆ ಹಸಿರು ಬಹಳ ಹಳೆಯದಲ್ಲ. 1832-33ರ ನಂದನ ಸಂವತ್ಸರದ ಬರದಲ್ಲಿ ಗುಂಟೂರು ಸೀಮೆಯ ಸುಮಾರು ಮೂರರಲ್ಲೊಂದು ಪಾಲು ಜನ ಅಳಿದರೆಂದು ಅಂದಿನ ದಾಖಲೆಗಳು ಹೇಳುತ್ತವೆ. ‘ನಂದನ ಕರುವು’ ಎಂಬ ಹೆಸರು ಜನರ ನೆನಪಿನಲ್ಲಿ ಬಹುಕಾಲ ಉಳಿಯಿತು. ಅನಂತರವೇ ಆರ್ಥರ್ ಕಾಟನ್ನನ ಯೋಜನೆಯಂತೆ ಗೋದಾವರಿಗೆ ಧವಳೇಶ್ವರದಲ್ಲಿ 1847ರಿಂದ 1852ರವರೆಗೆ, ಕೃಷ್ಣೆಗೆ ವಿಜಯವಾಡದಲ್ಲಿ 1852ರಿಂದ 1855ರವರೆಗೆ ಅಣೆಕಟ್ಟುಗಳಾದವು. ಕಾಲುವೆ ಹರಿಯಿತು, ಕಣಜ ತುಂಬಿತು. ಆದರೆ ಕಣಜ ತುಂಬಿದ ಮಾತ್ರಕ್ಕೆ ಎಲ್ಲರ ಎಲೆ ತುಂಬುವುದಿಲ್ಲ. ಅನ್ನ ಇರುವ ಮನೆಗೂ ಹಸಿದವನಿಗೂ ನಡುವೆ ಒಂದು ಬಾಗಿಲಿರುತ್ತದೆ. ಬಾಗಿಲು ದಾಟಿದ ಮೇಲೆ ಒಂದು ಪಂಕ್ತಿಯಿರುತ್ತದೆ.

ಬಾಗಿಲನ್ನು ತೆರೆದವರಲ್ಲಿ ಮೊದಲಿಗೆ ನೆನಪಾಗುವವರು ಡೊಕ್ಕಾ ಸೀತಮ್ಮ (1841-1909). ಗೋದಾವರಿಯ ಕವಲುಗಳ ನಡುವಿನ ಲಂಕಲ ಗನ್ನವರದ ಗೃಹಿಣಿ. ನದಿ ದಾಟಿ ದಣಿದು ಬಂದವರಿಗೆ ಹೊತ್ತುಗೊತ್ತು ನೋಡದೆ, ಜಾತಿ ಕೇಳದೆ ಬಡಿಸಿದರು. ಅದಕ್ಕೆ ಸಂಘವಿರಲಿಲ್ಲ, ನಿಧಿಯಿರಲಿಲ್ಲ, ಒಲೆಯೊಂದಿತ್ತು. ಜನ ಅವರನ್ನು ಅಪರ ಅನ್ನಪೂರ್ಣೆ ಎಂದು ಕರೆದರು. 2024ರಲ್ಲಿ ಆಂಧ್ರ ಸರ್ಕಾರ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಅವರ ಹೆಸರನ್ನೇ ಇಟ್ಟಿತು.

ಅತ್ತ ಉತ್ತರದಲ್ಲಿ, ಅಂದಿನ ವಿಶಾಖಪಟ್ಟಣ ಜಿಲ್ಲೆಯಲ್ಲಿ 1862ರಲ್ಲಿ ಹುಟ್ಟಿದ ಗುರಜಾಡ ಅಪ್ಪಾರಾವ್, ದೇಶವೆಂದರೆ ನೆಲವಲ್ಲ, ಮನುಷ್ಯರು ಎಂಬ ಅರಿವನ್ನು ತಮ್ಮ ‘ದೇಶಭಕ್ತಿ’ ಗೀತೆಯ ಮೂಲಕ ತೆಲುಗರ ಮನಸ್ಸಿನಲ್ಲಿ ನಾಟಿದರು. ಆ ಗೀತೆಯ ದೇಶಪ್ರೇಮ ಜನರ ಹೊಟ್ಟೆಯ ವಿಚಾರವನ್ನು ಮರೆಯುವುದಿಲ್ಲ. ‘ಲವಣರಾಜು ಕಲ’ ಎಂಬ ಕಥನಕವನದಲ್ಲಿ ಅವರು ಅಸ್ಪೃಶ್ಯತೆಯನ್ನೂ ಎದುರಿಸಿದರು. ಹಸಿವು ಮತ್ತು ಜಾತಿ ಒಂದೇ ಗಂಟಿನ ಎರಡು ಎಳೆಗಳೆಂಬುದನ್ನು ಕವಿ ಕಂಡಿದ್ದರು. ಆ ಗಂಟನ್ನು ಊಟದ ಎಲೆಯ ಮುಂದೆಯೇ ಬಿಚ್ಚಲು ಕುಳಿತವರು ಗೋರಾ ದಂಪತಿಗಳು.

ಗೋಪರಾಜು ರಾಮಚಂದ್ರರಾವ್ ಎಂಬುದು ಗೋರಾರ ಪೂರ್ಣ ಹೆಸರು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು. ಕೆಲಸ ಬಿಟ್ಟು 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಪತ್ನಿ ಸರಸ್ವತಿಯವರೊಡನೆ ನಾಸ್ತಿಕ ಕೇಂದ್ರವನ್ನು ಆರಂಭಿಸಿದರು. ಹುಣ್ಣಿಮೆಯ ರಾತ್ರಿಗಳಲ್ಲಿ ಅವರು ಸಹಪಂಕ್ತಿ ಭೋಜನಗಳನ್ನು ಏರ್ಪಡಿಸುತ್ತಿದ್ದರು. ಎಲ್ಲ ಜಾತಿಯವರಿಗೂ ಕರೆ. ಎಲ್ಲರಿಗೂ ಒಂದೇ ಸಾಲು. ಇಂದು ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಅಂದಿನ ಹಳ್ಳಿಯಲ್ಲಿ ಬೇರೆ ಜಾತಿಯವನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕುಳಿತವನು ಮರುದಿನ ತನ್ನವರಿಗೆಲ್ಲ ಉತ್ತರ ಹೇಳಬೇಕಿತ್ತು. ಬೆಳದಿಂಗಳಲ್ಲಿ ಯಾರು ಯಾರ ಪಕ್ಕ ಕುಳಿತರೆಂಬುದು ಮುಚ್ಚಿಡುವಂಥದೂ ಅಲ್ಲ.

1944ರ ಕೊನೆಯಲ್ಲಿ ಗೋರಾ ಸೇವಾಗ್ರಾಮಕ್ಕೆ ಹೋದರು. 1943ರ ಬರಗಾಲದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಕಂಡದ್ದನ್ನು ಗಾಂಧೀಜಿಯ ಮುಂದಿಟ್ಟರು. ತಿಂಡಿ ತುಂಬಿದ ಅಂಗಡಿಗಳ ಎದುರಿಗೇ ಹಸಿದವರು ಕೈಚಾಚದೆ ಸತ್ತಿದ್ದರು. ಎಲ್ಲವೂ ಹಣೆಬರಹವೆಂಬ ನಂಬಿಕೆಯೇ ಅವರನ್ನು ಕೊಂದಿತೆಂಬುದು ಗೋರಾರ ವಾದ. ಗಾಂಧೀಜಿ ಆ ವಾದವನ್ನು ಪೂರ್ತಿ ಒಪ್ಪಲಿಲ್ಲ. ಆದರೆ ಗೋರಾರನ್ನು ತಳ್ಳಿಹಾಕಲೂ ಇಲ್ಲ. ತನ್ನ ಆಸ್ತಿಕತೆಯೇ ಸರಿ, ಇವರ ನಾಸ್ತಿಕತೆ ತಪ್ಪು ಎಂದು ತೀರ್ಪು ಕೊಡಲು ಅವರು ಸಿದ್ಧರಿರಲಿಲ್ಲ. ಹಣೆಬರಹವೊಂದೇ ಬಂಗಾಳದ ಸಾವುಗಳಿಗೆ ಕಾರಣವೆಂದು ನಾವೂ ಹೇಳಲಾರೆವು. ಧಾನ್ಯದ ಬೆಲೆ, ಯುದ್ಧ, ಆಳುವವರ ಉದಾಸೀನ ಎಲ್ಲವೂ ಅಲ್ಲಿದ್ದವು. ಆದರೂ ಗೋರಾರ ಪ್ರಶ್ನೆಗೆ ತೂಕವಿದೆ: ಹಸಿದವನಿಗೆ ಅನ್ನ ಕೊಡುವ ನಾವು, ಅದು ಅವನ ಹಕ್ಕೆಂದು ಅವನಿಗೆ ತಿಳಿಯುವಂತೆ ಕೊಡುತ್ತೇವೆಯೆ?

1947ರಲ್ಲಿ ಕೇಂದ್ರ ವಿಜಯವಾಡಕ್ಕೆ ಬಂತು. ಅದೇ ಬಳಗದಿಂದ 1969ರಲ್ಲಿ ವಾಸವ್ಯ ಮಹಿಳಾ ಮಂಡಲಿ ಹುಟ್ಟಿತು. ಗೋರಾ 1975ರಲ್ಲಿ ತೀರಿಕೊಂಡರು. ಎರಡು ವರ್ಷಗಳ ಮೇಲೆ, 1977ರ ನವೆಂಬರ್ 19ರಂದು, ಚಂಡಮಾರುತವೊಂದು ದಿವಿಸೀಮೆಯ ಮೇಲೆ ಸಮುದ್ರವನ್ನೇ ತಂದು ಸುರಿಯಿತು. ಸತ್ತವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. ಪರಿಹಾರಕ್ಕೆ ಧಾವಿಸಿದವರಲ್ಲಿ ಈ ನಾಸ್ತಿಕರೂ ಇದ್ದರು, ರಾಮಕೃಷ್ಣ ಮಿಷನ್ನಿನ ಸನ್ಯಾಸಿಗಳೂ ಇದ್ದರು. ಗಂಜಿಯ ಮುಂದೆ ಮತ-ಅಮತಗಳ ಭೇದ ನಿಲ್ಲಲಿಲ್ಲ.

ಆ ಕಡಲು ಇನ್ನೂ ಸುಮ್ಮನಾಗಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ವಿಶಾಖಪಟ್ಟಣವನ್ನು ಕೆಡವಿದಾಗ ಬೇರೆ ಜಿಲ್ಲೆಗಳಿಂದ ಊಟದ ಪೊಟ್ಟಣಗಳು ಹೋದವು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡ ಮುಳುಗಿದಾಗ ಡ್ರೋನುಗಳು ಮಾಳಿಗೆಗಳ ಮೇಲೆ ಅನ್ನ ಇಳಿಸಿದವು. ದಿನದಿನದ ಹಸಿವಿಗಾಗಿ 2018ರಲ್ಲಿ ವಿಜಯವಾಡದಲ್ಲಿ ಐದು ರೂಪಾಯಿಯ ಅಣ್ಣಾ ಕ್ಯಾಂಟೀನ್ ತೆರೆಯಿತು. ಸರ್ಕಾರ ಬದಲಾದ ಮೇಲೆ 2019ರಲ್ಲಿ ಮುಚ್ಚಿತು. 2024ರಲ್ಲಿ ಮತ್ತೆ ತೆರೆಯಿತು. ಐದು ರೂಪಾಯಿ ಕೊಟ್ಟು ಉಣ್ಣುವವನು ಯಾರ ಹಂಗಿನವನೂ ಅಲ್ಲ ಎಂಬುದು ಅದರ ಹಿರಿಮೆ. ಚುನಾವಣೆಯೊಂದು ಒಲೆಯನ್ನು ಆರಿಸಬಲ್ಲದು ಎಂಬುದು ಅದರ ಮಿತಿ. ಆ ನಡುವಿನ ಐದು ವರ್ಷಗಳನ್ನು ನೆನೆದಾಗಲೆಲ್ಲ, ಜನರೇ ಹೊತ್ತಿಸಿದ ಒಲೆಗಳು ಏಕೆ ಬೇಕೆಂಬುದು ನಮಗೆ ಸ್ಪಷ್ಟವಾಗುತ್ತದೆ.

ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹಗಳನ್ನು ಒಟ್ಟಿಗೆ ಹೇಳಿದರು. ಕೊಡುವವನು ದಾಸ, ಉಣ್ಣುವವನು ಒಡೆಯ ಎಂಬ ಭಾವ ಆ ಪದದಲ್ಲೇ ಇದೆ. ಎಂಟು ಶತಮಾನಗಳ ಅನಂತರವೂ ನಮ್ಮ ನಾಡಿನಲ್ಲಿ ಪಂಕ್ತಿಭೇದದ ಚರ್ಚೆ ಮುಗಿದಿಲ್ಲ. ಅನ್ನದಾನದ ಹೆಮ್ಮೆಯ ಪಕ್ಕದಲ್ಲೇ ಅದು ಉಳಿದುಕೊಂಡಿದೆ. ದೇವರನ್ನು ಒಪ್ಪದ ತೆಲುಗು ಹೆಣ್ಣುಮಗಳಿಗೆ ಬಸವಣ್ಣನವರ ಹೆಸರಿನ ಗೌರವ ಕೊಟ್ಟ ನಾವು, ಆಕೆ ಉಂಡ ಸಾಲಿನಲ್ಲಿ ಕೂರಲು ಕಲಿತಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.