ಆಕಾಶದ ಮಾತು, ನೆಲದ ಕಿವಿ

ಪುಣೆಯ ಲೋಹಗಾಂವ್ ನೆಲೆ ವಾಯುಪಡೆಯದು. ಸುಖೋಯ್ ಯುದ್ಧವಿಮಾನಗಳು ಏರಿಳಿಯುವ ರನ್‌ವೇಯನ್ನೇ ಪ್ರಯಾಣಿಕ ವಿಮಾನಗಳೂ ಬಳಸುತ್ತವೆ. ಅವುಗಳ ಪೈಲಟ್‌ಗಳಿಗೆ ಅನುಮತಿ ಕೊಡುವವರು ವಾಯುಪಡೆಯ ಕಂಟ್ರೋಲರ್‌ಗಳು. 2020ರ ಫೆಬ್ರುವರಿ 15ರಂದು ದೆಹಲಿಗೆ ಹೊರಟ ಏರ್ ಇಂಡಿಯಾದ ಎ321 ವಿಮಾನ ಗಂಟೆಗೆ ಸುಮಾರು 220 ಕಿ.ಮೀ. ವೇಗದಲ್ಲಿ ಓಡುತ್ತಿದ್ದಾಗ ಎದುರಿಗೆ ಜೀಪೊಂದು, ಜೊತೆಗೊಬ್ಬ ವ್ಯಕ್ತಿ ಕಾಣಿಸಿದರು. ಪೈಲಟ್ ಹೊತ್ತಿಗೆ ಮುಂಚೆಯೇ ವಿಮಾನವನ್ನು ಮೇಲಕ್ಕೆಳೆದರು. ಒಡಲಿಗೆ ಪೆಟ್ಟಾದರೂ ಅದು ದೆಹಲಿಯಲ್ಲಿ ಸುರಕ್ಷಿತವಾಗಿ ಇಳಿಯಿತು.

ಪೈಲಟ್, ನಿಯಂತ್ರಣ ಗೋಪುರ, ನೆಲದ ವಾಹನ ಮೂವರಿಗೂ ರನ್‌ವೇ ಮೇಲೆ ಯಾರಿದ್ದಾರೆಂಬುದು ಒಂದೇ ಕಾಲಕ್ಕೆ ಗೊತ್ತಿರಬೇಕು. ಅದನ್ನು ತಿಳಿಸುವ ಮುಖ್ಯ ಸಾಧನ ಇವತ್ತಿಗೂ ರೇಡಿಯೊ ಮಾತೇ. ಆ ಮಾತು ಎಲ್ಲೆಲ್ಲಿ ಕೈಕೊಡುತ್ತದೆ ಎಂಬ ಹುಡುಕಾಟಕ್ಕೆ ಅರ್ಧ ಶತಮಾನ ಸಮೀಪಿಸಿದೆ.

ಹುಡುಕಾಟಕ್ಕೆ ತೀವ್ರತೆ ಬಂದದ್ದು 1977ರ ಮಾರ್ಚ್ 27ರ ಟೆನೆರಿಫೆ ದುರಂತದಿಂದ. ಮಂಜು ಮುಸುಕಿದ ರನ್‌ವೇಯಲ್ಲಿ ಕೆಎಲ್‌ಎಂ ವಿಮಾನದ ಸಹ ಪೈಲಟ್ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂಬರ್ಥದ ಮಾತಾಡಿದರು. ಹೊರಡಲು ಸಿದ್ಧರಾಗಿ ನಿಂತಿದ್ದಾರೆಂದು ಗೋಪುರ ತಿಳಿಯಿತು; ಅವರು ಓಡಲು ಶುರು ಮಾಡಿಬಿಟ್ಟಿದ್ದರು. ಕಾಯಿರಿ ಎಂದು ಗೋಪುರ ಹೇಳುವಾಗಲೇ, ತಾವಿನ್ನೂ ರನ್‌ವೇಯಲ್ಲಿದ್ದೇವೆ ಎಂದು ಪ್ಯಾನ್ ಆಮ್ ವಿಮಾನದವರೂ ಬಾಯ್ತೆರೆದರು. ಒಂದೇ ಕಂಪನಾಂಕದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ್ದರಿಂದ ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಕೀರಲು ಸದ್ದು ಎದ್ದಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಆಮೇಲೆ 'ಟೇಕಾಫ್' ಎಂಬುದು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸುವ ಪದವಾಯಿತು. ಬರೀ 'ಓಕೆ' ಎಂದರೆ ಸಾಲದು, ಆದೇಶವನ್ನು ಪೂರ್ತಿ ತಿರುಗಿ ಹೇಳಬೇಕೆಂಬ ರೀಡ್‌ಬ್ಯಾಕ್ ಶಿಸ್ತು ಬಿಗಿಯಾಯಿತು.

1981ರಲ್ಲಿ ನಾಸಾ, ಪೈಲಟ್‌ಗಳೂ ಕಂಟ್ರೋಲರ್‌ಗಳೂ ಸ್ವಇಚ್ಛೆಯಿಂದ ಕಳಿಸಿದ್ದ ವರದಿಗಳ ಅಧ್ಯಯನ ಪ್ರಕಟಿಸಿತು. ಶೇ 70ಕ್ಕೂ ಹೆಚ್ಚು ವರದಿಗಳಲ್ಲಿ ಮಾಹಿತಿ ದಾಟಿಸುವಲ್ಲಿನ ತೊಡಕೇ ಕಂಡಿತು. ತಪ್ಪು ಯಾರದೆಂಬ ಪ್ರಶ್ನೆಯ ಜಾಗಕ್ಕೆ, ತಪ್ಪು ಹೇಗಾಗುತ್ತದೆಂಬ ಪ್ರಶ್ನೆ ಬಂದದ್ದು ಇಂಥ ಕೆಲಸದಿಂದ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಹೆಜ್ಜೆ ಇದೇ.

ನಮ್ಮ ನೆಲದ ಪಾಠ 1996ರ ನವೆಂಬರ್ 12ರದು. ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಜನ ಅಳಿದರು. ಕಜಕ್ ವಿಮಾನ 15,000 ಅಡಿಯಲ್ಲೇ ಇರಬೇಕಿತ್ತು; ಸೌದಿ ವಿಮಾನ 14,000ದಲ್ಲಿತ್ತು. ಕಜಕ್ ವಿಮಾನದಲ್ಲಿ ದೆಹಲಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ರೇಡಿಯೊ ಆಪರೇಟರ್. ಎತ್ತರ ತೋರುವ ಮಾಪಕ ಅವರ ಮುಂದಿರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಬಗ್ಗಿ ನೋಡಬೇಕಿತ್ತು. ಕೆಳಗಿಳಿದದ್ದು ಗಮನಕ್ಕೆ ಬರುವ ಹೊತ್ತಿಗೆ ತಡವಾಗಿತ್ತು. ಆಗ ದೆಹಲಿಯ ರೇಡಾರ್ ಕೂಡ ಎತ್ತರ ತೋರುತ್ತಿರಲಿಲ್ಲ. ಈ ದುರಂತದ ಬಳಿಕ ಬರುವ, ಹೋಗುವ ವಿಮಾನಗಳ ಮಾರ್ಗ ಬೇರೆಯಾಯಿತು. ಡಿಕ್ಕಿ ತಪ್ಪಿಸುವ ಉಪಕರಣ ಭಾರತದಲ್ಲಿ ಕಡ್ಡಾಯವಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2008ರಿಂದ ಪೈಲಟ್‌, ಕಂಟ್ರೋಲರ್‌ಗಳ ಇಂಗ್ಲಿಷಿಗೆ ನಾಲ್ಕನೇ ಹಂತದ ಸಾಮರ್ಥ್ಯವನ್ನು ಕನಿಷ್ಠವೆಂದು ಗೊತ್ತುಮಾಡಿತು.

ಆದರೆ ಭಾಷೆ ಒಂದನ್ನೇ ತಿದ್ದಿದರೆ ಆಗಲಿಲ್ಲ. 2022ರ ಜನವರಿಯಲ್ಲಿ ಬೆಂಗಳೂರಿನ ಸಮಾನಾಂತರ ರನ್‌ವೇಗಳಿಂದ ಇಂಡಿಗೊದ ಎರಡು ವಿಮಾನಗಳು ಹೆಚ್ಚುಕಮ್ಮಿ ಒಟ್ಟಿಗೇ ಹಾರಿ, ಪರಸ್ಪರ ಹತ್ತಿರ ಬಂದವು. ಪೈಲಟ್‌ಗಳ ಮಾತಿನಲ್ಲಿ ಗೊಂದಲವಿರಲಿಲ್ಲ. ಒಂದೇ ರನ್‌ವೇ ಬಳಸುವ ತೀರ್ಮಾನ ದಕ್ಷಿಣ ಗೋಪುರದ ಕಂಟ್ರೋಲರ್‌ಗೆ ತಲುಪಿರಲಿಲ್ಲ. ರೇಡಾರ್ ಕಂಟ್ರೋಲರ್ ಗಮನಿಸಿ ಇಬ್ಬರನ್ನೂ ತಿರುಗಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜೀವ ಉಳಿಯಿತು. ಆ ಒಬ್ಬರ ಎಚ್ಚರಕ್ಕೆ ನಾವು ಋಣಿಗಳು. ವ್ಯವಸ್ಥೆ ಒಬ್ಬರ ಎಚ್ಚರದ ಮೇಲೆ ನಿಲ್ಲಬಾರದು.

ಸಾಗರದ ಮೇಲೆ ಹಾರುವ ವಿಮಾನಗಳಿಗೆ ಆದೇಶಗಳೀಗ ಅಕ್ಷರರೂಪದಲ್ಲಿ, ಡೇಟಾಲಿಂಕ್ ಮೂಲಕ ಹೋಗುತ್ತವೆ. ರನ್‌ವೇಯಲ್ಲಿ ಮಾತಿಗೆ ಬದಲಿಯಿಲ್ಲ. ರನ್‌ವೇ ಅತಿಕ್ರಮಣ ತಡೆಯುವ ಯುರೋಪಿನ ಕಾರ್ಯಯೋಜನೆಯ ಸಲಹೆ ಇದು: ವಿಮಾನವಿರಲಿ, ವಾಹನವಿರಲಿ, ಒಂದು ರನ್‌ವೇಗೆ ಸಂಬಂಧಿಸಿದ ಎಲ್ಲರ ಮಾತೂ ಒಂದೇ ಕಂಪನಾಂಕದಲ್ಲಿ ನಡೆಯಲಿ. ಲೋಹಗಾಂವ್‌ನಂಥ ಜಂಟಿ ಬಳಕೆಯ ಪ್ರತಿ ನೆಲೆಯಲ್ಲೂ ವಾಯುಪಡೆ ಮತ್ತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಟ್ಟಿಗೆ ಕೂತು ಇದು ಚಾಚೂ ತಪ್ಪದೆ ಪಾಲನೆಯಾಗುವಂತೆ ನೋಡಿಕೊಳ್ಳಲಿ.