ದಿನಸಿ ಖರೀದಿಯಲ್ಲಿ ಉಳಿತಾಯ: ಮೈಸೂರು ನಗರದ ಗ್ರಾಹಕರಿಗೆ ಮಾಹಿತಿ

ನಿಗದಿತ ಆದಾಯದಲ್ಲಿ ಸಂಸಾರ ನಡೆಸುವ ಕುಟುಂಬಗಳಲ್ಲಿ ಮನೆ ಬಾಡಿಗೆ, ಶಾಲಾ ಶುಲ್ಕ ಮತ್ತು ಔಷಧದ ವೆಚ್ಚವನ್ನು ಕಡಿಮೆ ಮಾಡಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಹಣ ಸಾಲದಾದಾಗ ಕಡಿತವಾಗುವುದು ಬೇಳೆ, ಹಾಲು ಮತ್ತು ತರಕಾರಿಯ ಪ್ರಮಾಣ. ಊಟವನ್ನು ಕಡಿಮೆ ಮಾಡದೆ ವೆಚ್ಚವನ್ನು ಮಾತ್ರ ಕಡಿಮೆ ಮಾಡಿಕೊಳ್ಳಲು ಗ್ರಾಹಕರು ಮೂರು ಅಂಶಗಳನ್ನು ಗಮನಿಸತಕ್ಕದ್ದು: ಹಕ್ಕಿನ ಪಡಿತರ, ಏಕಮಾನ ದರ ಹಾಗೂ ಸರಿಯಾದ ತೂಕ.

1. ಪಡಿತರ

ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರನ್ವಯ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಹಾಗೂ ಪ್ರತಿ ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಆಹಾರ ಧಾನ್ಯ ದೊರೆಯುತ್ತದೆ. ಜನವರಿ 2023ರಿಂದ ಇದನ್ನು ಉಚಿತವಾಗಿ ನೀಡಲಾಗುತ್ತಿದೆ. ಅದರಂತೆ ನಾಲ್ವರಿರುವ ಆದ್ಯತಾ ಕುಟುಂಬವು 20 ಕೆ.ಜಿ. ಧಾನ್ಯಕ್ಕೆ ಅರ್ಹವಾಗಿರುತ್ತದೆ. ಉದ್ಯೋಗ ನಿಮಿತ್ತ ಬೇರೆ ಜಿಲ್ಲೆ ಅಥವಾ ರಾಜ್ಯದಿಂದ ಮೈಸೂರಿಗೆ ಬಂದವರು ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡಿತರ ಪಡೆಯಬಹುದು. ಪಡಿತರದ ಜೊತೆಗೆ ಸೋಪು, ಉಪ್ಪು ಮುಂತಾದವುಗಳನ್ನು ಕೊಳ್ಳಲೇಬೇಕೆಂಬ ಷರತ್ತು ಇರುವುದಿಲ್ಲ.

2. ಏಕಮಾನ ದರ

ಪೊಟ್ಟಣದ ಬೆಲೆಯನ್ನು ಮಾತ್ರ ನೋಡಿ ಅಗ್ಗ ಅಥವಾ ದುಬಾರಿ ಎಂದು ನಿರ್ಣಯಿಸಬಾರದು. ನಂದಿನಿ ಟೋನ್ಡ್ ಹಾಲಿನ ದರವು ಇದಕ್ಕೆ ಉತ್ತಮ ನಿದರ್ಶನ. ಜೂನ್ 2024ರಲ್ಲಿ 42 ರೂ.ಗಳ ಒಂದು ಲೀಟರ್ ಪೊಟ್ಟಣಕ್ಕೆ 50 ಮಿ.ಲೀ. ಹಾಲು ಸೇರಿಸಿ ಬೆಲೆಯನ್ನು 44 ರೂ.ಗಳಿಗೆ ಏರಿಸಲಾಯಿತು. ಕೊಡಬೇಕಾದ ಹಣ ಹೆಚ್ಚಾದರೂ ಲೀಟರಿಗೆ ದರ ಹೆಚ್ಚಾಗಲಿಲ್ಲ. 2025ರ ಏಪ್ರಿಲ್ 1ರಿಂದ ಪೊಟ್ಟಣವು ಪುನಃ ಒಂದು ಲೀಟರ್ ಆಗಿ, ಬೆಲೆ 46 ರೂ. ಆಯಿತು. ಪೊಟ್ಟಣದ ಮೇಲಿನ ಏರಿಕೆ 2 ರೂ. ಆದರೂ ಲೀಟರಿನ ಲೆಕ್ಕದಲ್ಲಿ ಏರಿಕೆ 4 ರೂ.ಗಳಿಗಿಂತ ತುಸು ಹೆಚ್ಚು.

ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ಕ್ಕೆ 2021ರಲ್ಲಿ ತಂದ ತಿದ್ದುಪಡಿಯಂತೆ ಪೊಟ್ಟಣದ ಮೇಲೆ ಏಕಮಾನ ಮಾರಾಟ ಬೆಲೆಯನ್ನು ನಮೂದಿಸುವುದು ಕಡ್ಡಾಯ. ಒಂದು ಕೆ.ಜಿ.ಗಿಂತ ಕಡಿಮೆಯಿದ್ದಲ್ಲಿ ಗ್ರಾಂಗೆ, ಹೆಚ್ಚಿದ್ದಲ್ಲಿ ಕೆ.ಜಿ.ಗೆ ಎಷ್ಟೆಂದು ಅದು ತಿಳಿಸುತ್ತದೆ. ಎರಡು ಪೊಟ್ಟಣಗಳನ್ನು ಈ ದರದ ಆಧಾರದ ಮೇಲೆಯೇ ಹೋಲಿಸತಕ್ಕದ್ದು. ಪ್ರತಿದಿನ ಕೊಳ್ಳುವ ಸಣ್ಣ ಪೊಟ್ಟಣಗಳು ಗ್ರಾಂ ಲೆಕ್ಕದಲ್ಲಿ ದುಬಾರಿಯಾಗುವ ಸಂಭವವಿರುತ್ತದೆ. ದೊಡ್ಡ ಪೊಟ್ಟಣಗಳೂ ಎಲ್ಲಾ ಸಂದರ್ಭಗಳಲ್ಲಿ ಅಗ್ಗವಲ್ಲ. ಎಂ.ಆರ್.ಪಿ. ಎಂಬುದು ಗರಿಷ್ಠ ಬೆಲೆ; ಅದಕ್ಕಿಂತ ಕಡಿಮೆಗೆ ಕೇಳುವ ಸ್ವಾತಂತ್ರ್ಯ ಗ್ರಾಹಕರಿಗಿದೆ.

3. ಬಿಡಿ ಮತ್ತು ಸಗಟು ಖರೀದಿ

2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಮುದ್ರಿತ ಪೊಟ್ಟಣಗಳಲ್ಲಿ ಮಾರುವ ಅಕ್ಕಿ, ಬೇಳೆ ಮತ್ತು ಹಿಟ್ಟುಗಳಿಗೆ ಶೇ. 5ರಷ್ಟು ಜಿ.ಎಸ್.ಟಿ. ಅನ್ವಯಿಸುತ್ತದೆ. ಬಿಡಿಯಾಗಿ ತೂಗಿ ಕೊಡುವ ಧಾನ್ಯಕ್ಕೆ ಈ ತೆರಿಗೆ ಇಲ್ಲ. ಅಂಗಡಿಗಳಲ್ಲಿ 26 ಕೆ.ಜಿ. ಅಕ್ಕಿ ಚೀಲ ಕಂಡುಬರುವುದು ಇದೇ ಕಾರಣದಿಂದ. ಒಂದೇ ವಠಾರದ ಎರಡು ಕುಟುಂಬಗಳು ಒಂದು ಚೀಲವನ್ನು ಹಂಚಿಕೊಂಡಲ್ಲಿ ಹುಳು ಹಿಡಿದು ನಷ್ಟವಾಗುವುದೂ ತಪ್ಪುತ್ತದೆ. ಹೊಸ ರಾಗಿ ಹಾಗೂ ತೊಗರಿ ಮಾರುಕಟ್ಟೆಗೆ ಬರುವ ಸುಗ್ಗಿಯ ತಿಂಗಳುಗಳಲ್ಲಿ ದರ ವಿಚಾರಿಸಿ ಕೊಳ್ಳುವುದು ಸೂಕ್ತ. ನಗರದ ಸಗಟು ವ್ಯಾಪಾರ ನಡೆಯುವ ಬಂಡೀಪಾಳ್ಯ ಎ.ಪಿ.ಎಂ.ಸಿ.ಯ ಧಾರಣೆಯನ್ನು ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ನೋಡಿಕೊಂಡು ಹೊರಟಲ್ಲಿ, ದೇವರಾಜ ಮಾರುಕಟ್ಟೆಯಲ್ಲಾಗಲಿ ಮನೆಯ ಬಳಿಯ ಅಂಗಡಿಯಲ್ಲಾಗಲಿ ಚೌಕಾಸಿ ಮಾಡಲು ಆಧಾರ ದೊರೆಯುತ್ತದೆ.

4. ತೂಕ

ಕೆ.ಜಿ.ಗೆ 50 ಗ್ರಾಂ ಕಡಿಮೆ ತೂಗಿದಲ್ಲಿ 20 ಕೆ.ಜಿ. ಖರೀದಿಯಲ್ಲಿ ಒಂದು ಕೆ.ಜಿ. ನಷ್ಟವಾಗುತ್ತದೆ. ಆದುದರಿಂದ:

ಅ) ವಿದ್ಯುನ್ಮಾನ ತಕ್ಕಡಿಯು ತೂಗುವ ಮೊದಲು ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುವುದು.
ಆ) ವಿದ್ಯುನ್ಮಾನ ತಕ್ಕಡಿಗೆ ಪ್ರತಿ 12 ತಿಂಗಳಿಗೊಮ್ಮೆ ಹಾಕಿಸಬೇಕಾದ ಸತ್ಯಾಪನೆ ಮುದ್ರೆ ಇದೆಯೇ ಎಂದು ಪರಿಶೀಲಿಸುವುದು.
ಇ) ಡಬ್ಬಿ, ಕವರುಗಳ ತೂಕವನ್ನು ಪದಾರ್ಥದ ತೂಕದಲ್ಲಿ ಸೇರಿಸಲು ಒಪ್ಪದಿರುವುದು.
ಈ) ಪಾವು, ಸೇರು, ಗುಡ್ಡೆ ಲೆಕ್ಕದ ಬದಲು ಗ್ರಾಂ ಮತ್ತು ಕೆ.ಜಿ.ಯಲ್ಲಿ ಕೇಳುವುದು.

5. ದೂರು ಸಲ್ಲಿಕೆ

ಎಂ.ಆರ್.ಪಿ.ಗಿಂತ ಹೆಚ್ಚು ವಸೂಲಿ ಮಾಡಿದಲ್ಲಿ ಅಥವಾ ತೂಕದಲ್ಲಿ ಮೋಸವಾದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಪಡಿತರ ಸಂಬಂಧಿತ ದೂರುಗಳಿಗೆ 1967ಕ್ಕೆ ಕರೆ ಮಾಡುವುದು. ಪರಿಹಾರ ಕೋರುವವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಸಲ್ಲಿಸಬಹುದಾಗಿದ್ದು, ಪಾವತಿಸಿದ ಬೆಲೆ 5 ಲಕ್ಷ ರೂ.ವರೆಗಿನ ಪ್ರಕರಣಗಳಿಗೆ ಶುಲ್ಕವಿರುವುದಿಲ್ಲ. ದೂರಿಗೆ ರಸೀದಿಯೇ ಮುಖ್ಯ ಆಧಾರವಾಗಿರುವುದರಿಂದ, ಖರೀದಿ ಎಷ್ಟೇ ಚಿಕ್ಕದಾಗಿದ್ದರೂ ಗ್ರಾಹಕರು ರಸೀದಿಯನ್ನು ಕೇಳಿ ಪಡೆಯತಕ್ಕದ್ದು.